ನೀವು ಮಲಗುವ ಕೋಣೆ ನಿಮ್ಮ ಬಗ್ಗೆ ಏನು ಹೇಳುತ್ತದೆ?

ಮನೆಗೆ ಯಾರಾದರೂ ಬೀಗರು ಬಂದರೆ ನೀವು ಮೊದಲು ಮಾಡುವ ಕೆಲಸ ಯಾವುದು? ಕುಡಿಯಲು ನೀರು ಕೊಡುತ್ತೇವೆ, ಕೂಡಲು ಕುರ್ಚಿ ಹಾಕುತ್ತೇವೆ ಎನ್ನುತ್ತೀರಿ. ಆದರೆ ಅದಕ್ಕೂ ಮೊದಲು, ನಿಮಗೇ ತಿಳಿಯದಂತೆ ಇನ್ನೊಂದು ಕೆಲಸ ಮಾಡಿರುತ್ತೀರಿ. ಮಲಗುವ ಕೋಣೆಯ ಬಾಗಿಲು ಮುಂದಕ್ಕೆ ಎಳೆದಿರುತ್ತೀರಿ. ಬಾಗಿಲಿಲ್ಲದಿದ್ದರೆ ಪರದೆ ಸರಿಮಾಡಿರುತ್ತೀರಿ. ಪರದೆಯೂ ಇಲ್ಲದಿದ್ದರೆ ಹಾಸಿಗೆಯನ್ನು ಗಡಿಬಿಡಿಯಿಂದ ಸುತ್ತಿ ಮೂಲೆಗೆ ತಳ್ಳಿರುತ್ತೀರಿ.

ಯಾಕೆ? ಪಡಸಾಲೆ ನಾಲ್ಕು ಜನ ನೋಡಲೆಂದು ಇರುವುದು. ಅಲ್ಲಿ ದೇವರ ಪಟ, ಮಕ್ಕಳ ಬಹುಮಾನದ ಕಪ್ಪು, ಮದುವೆಯ ಫೋಟೋ ಇರುತ್ತವೆ. ಮಲಗುವ ಕೋಣೆ ಹಾಗಲ್ಲ. ಅಲ್ಲಿ ನಾವು ಯಾರಿಗೂ ತೋರಿಸಬೇಕಾಗಿಲ್ಲ. ಆದ್ದರಿಂದಲೇ ಅಲ್ಲಿ ನಮ್ಮ ನಿಜವಾದ ಗುಣ ಕಾಣುತ್ತದೆ ಎಂಬ ಅಳುಕು ಎಲ್ಲರಿಗೂ ಇದೆ. ಈ ಅಳುಕು ಎಷ್ಟರಮಟ್ಟಿಗೆ ನಿಜ? ಹಾಸಿಗೆ ನೋಡಿ ಮನುಷ್ಯನ ಸ್ವಭಾವ ಹೇಳಬಹುದೆ? ಅದಕ್ಕೂ ಆರೋಗ್ಯಕ್ಕೂ ಏನು ಸಂಬಂಧ? ಈ ವಾರ ಈ ವಿಷಯ ನೋಡೋಣ.

ಸಂಶೋಧನೆ ಏನು ಹೇಳುತ್ತದೆ?

ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಸ್ಯಾಮ್ ಗಾಸ್ಲಿಂಗ್ ಮತ್ತು ಅವರ ಸಂಗಡಿಗರು ಇದನ್ನೇ ಪರೀಕ್ಷಿಸಿ 2002ರಲ್ಲಿ ವರದಿ ಪ್ರಕಟಿಸಿದರು. ಅವರು ಕೆಲವರನ್ನು ಒಟ್ಟು 83 ಮಲಗುವ ಕೋಣೆಗಳಿಗೆ ಕಳುಹಿಸಿದರು. ಕೋಣೆಯ ಒಡೆಯರು ಆಗ ಅಲ್ಲಿರಲಿಲ್ಲ. ನೋಡಲು ಹೋದವರಿಗೆ ಅವರ ಪರಿಚಯವೂ ಇರಲಿಲ್ಲ. ಬರೀ ಕೋಣೆಯನ್ನು ನೋಡಿ, ಇಲ್ಲಿರುವವರು ಎಂಥವರು ಎಂದು ಅಂದಾಜು ಮಾಡಬೇಕಾಗಿತ್ತು. ಆಮೇಲೆ ಈ ಅಂದಾಜುಗಳನ್ನು ಆ ವ್ಯಕ್ತಿಗಳು ತಮ್ಮ ಬಗ್ಗೆ ತಾವೇ ಹೇಳಿದ್ದಕ್ಕೂ ಅವರ ಗೆಳೆಯರು ಹೇಳಿದ್ದಕ್ಕೂ ಹೋಲಿಸಿ ನೋಡಲಾಯಿತು.

ಫಲಿತಾಂಶ ಸ್ವಾರಸ್ಯಕರವಾಗಿತ್ತು. ಹೊಸ ವಿಚಾರಗಳಿಗೆ ಮನಸ್ಸು ತೆರೆದಿರುವ ಗುಣವನ್ನು ಅಪರಿಚಿತರು ಸಾಕಷ್ಟು ಸರಿಯಾಗಿ ಗುರುತಿಸಿದ್ದರು. ಅಚ್ಚುಕಟ್ಟುತನ, ಜವಾಬ್ದಾರಿಯ ಗುಣವನ್ನೂ ತಕ್ಕಮಟ್ಟಿಗೆ ಗುರುತಿಸಿದ್ದರು. ಆದರೆ ಒಬ್ಬರು ಒಳ್ಳೆಯವರೋ ಅಲ್ಲವೋ, ಇತರರೊಡನೆ ಪ್ರೀತಿಯಿಂದ ಇರುತ್ತಾರೋ ಇಲ್ಲವೋ ಎಂಬುದು ಮಾತ್ರ ಕೋಣೆಯಿಂದ ಅಷ್ಟಾಗಿ ತಿಳಿಯಲಿಲ್ಲ. ಹಾಸಿಗೆ ಮಡಚಿಟ್ಟವರೆಲ್ಲ ಸಜ್ಜನರಲ್ಲ, ಮಡಚದವರೆಲ್ಲ ಕೆಟ್ಟವರೂ ಅಲ್ಲ ಎಂದಾಯಿತು.

2013ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಕ್ಯಾಥ್ಲೀನ್ ವೋಸ್ ಅವರ ತಂಡ ಮತ್ತೊಂದು ಪ್ರಯೋಗ ಮಾಡಿತು. ಅಚ್ಚುಕಟ್ಟಾದ ಕೋಣೆಯಲ್ಲಿ ಕುಳಿತವರು ತಿನ್ನಲು ಸೇಬನ್ನು ಆರಿಸಿಕೊಳ್ಳುವುದು ಹೆಚ್ಚಾಗಿತ್ತು. ಅಸ್ತವ್ಯಸ್ತವಾದ ಕೋಣೆಯಲ್ಲಿ ಕುಳಿತವರಿಗೆ ಹೊಸ ಹೊಸ ಉಪಾಯಗಳು ಹೆಚ್ಚು ಹೊಳೆದವು. ಅಂದರೆ ನಾವು ಕೋಣೆಯನ್ನು ರೂಪಿಸುವಂತೆ ಕೋಣೆಯೂ ನಮ್ಮನ್ನು ಸ್ವಲ್ಪ ರೂಪಿಸುತ್ತದೆ.

ನಮ್ಮ ಕಡೆ ಮಲಗುವ ಕೋಣೆ ಎಂದರೆ ಯಾವುದು?

ಈ ಪ್ರಯೋಗಗಳೆಲ್ಲ ನಡೆದದ್ದು ದೂರದ ದೇಶಗಳಲ್ಲಿ. ಅಲ್ಲಿ ಒಬ್ಬರಿಗೆ ಒಂದು ಕೋಣೆ ಇರುವುದು ಸಾಮಾನ್ಯ. ಈಗ ಕಲಬುರಗಿ ಜಿಲ್ಲೆಯ ನಮ್ಮ ಊರುಗಳಿಗೆ ಬನ್ನಿ.

ಶಹಾಬಾದಿನ ಕಲ್ಲು ದಖ್ಖನ್ ಪ್ರದೇಶದಲ್ಲೆಲ್ಲ ಹೆಸರುವಾಸಿ. ಬೇರೆ ಊರಿನವರು ಅದನ್ನು ನೆಲಕ್ಕೆ ಮಾತ್ರ ಹಾಸುತ್ತಾರೆ. ಇಲ್ಲಿ ನೆಲ ಪರ್ಸಿ, ಗೋಡೆ ಪರ್ಸಿ, ಎಷ್ಟೋ ಮನೆಗಳಿಗೆ ಚಾವಣಿಯೂ ಪರ್ಸಿಯೇ. ಇಂಥ ಮನೆಯ ಒಂದೇ ಖೋಲಿಯಲ್ಲಿ ಹಗಲು ಅಡುಗೆ, ಸಂಜೆ ಮಕ್ಕಳ ಓದು, ರಾತ್ರಿ ಐದಾರು ಮಂದಿಯ ನಿದ್ದೆ. ಸೇಡಂ, ಚಿತ್ತಾಪುರದ ಹಳ್ಳಿಗಳ ಹಳೆಯ ಮನೆಗಳಲ್ಲಿ ಕತ್ತಲೆಯ ಒಳಕೋಣೆ ಇರುತ್ತದೆ. ಸುಗ್ಗಿ ಮುಗಿದ ಮೇಲೆ ಅದರ ಅರ್ಧ ತೊಗರಿ ಚೀಲಕ್ಕೆ, ಉಳಿದರ್ಧ ಮನುಷ್ಯರಿಗೆ. ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆ ಮತ್ತು ರೈಲ್ವೆಯ ಕ್ವಾರ್ಟರ್ಸುಗಳಿವೆ. ಚಿಂಚೋಳಿಯ ತಾಂಡಾಗಳಲ್ಲಿ ಬೇಸಿಗೆ ಬಂತೆಂದರೆ ಅಂಗಳವೇ ಮಲಗುವ ಕೋಣೆ.

ಮೇ ತಿಂಗಳಲ್ಲಿ ನಮ್ಮ ಕಡೆ ಉಷ್ಣಾಂಶ 42 ಡಿಗ್ರಿ ದಾಟುವುದು ಹೊಸದಲ್ಲ. ಹಗಲೆಲ್ಲ ಕಾದ ಕಲ್ಲಿನ ಚಾವಣಿ ಸೂರ್ಯ ಮುಳುಗಿದ ಕೂಡಲೇ ತಣ್ಣಗಾಗುವುದಿಲ್ಲ. ಹೀರಿಕೊಂಡ ಬಿಸಿಯನ್ನು ರಾತ್ರಿ ನಿಧಾನವಾಗಿ ಕೆಳಗೆ ಬಿಡುತ್ತದೆ. ನಿದ್ದೆ ಹತ್ತಬೇಕಾದರೆ ನಮ್ಮ ದೇಹದ ಒಳಗಿನ ಉಷ್ಣಾಂಶ ಸ್ವಲ್ಪ ಇಳಿಯಬೇಕು. ಸುತ್ತಲಿನ ಗಾಳಿಯೇ ಬಿಸಿಯಾಗಿದ್ದರೆ ಅದು ಇಳಿಯುವುದಿಲ್ಲ. ಮಧ್ಯರಾತ್ರಿಯವರೆಗೆ ಹೊರಳಾಡಿದವನು ಮರುದಿನ ಸಿಡಿಮಿಡಿಗೊಳ್ಳುತ್ತಾನೆ, ಕೆಲಸದಲ್ಲಿ ತಪ್ಪುತ್ತಾನೆ, ಮಕ್ಕಳ ಮೇಲೆ ಕೈ ಮಾಡುತ್ತಾನೆ. ಆಗ ನಾವು, ‘ಅವನ ಸ್ವಭಾವವೇ ಸಿಟ್ಟಿನದು’ ಎಂದು ಬಿಡುತ್ತೇವೆ. ಸಿಟ್ಟು ಅವನದಿರಬಹುದು. ಅದರ ಒಂದು ಪಾಲು ಚಾವಣಿಯದೂ ಆಗಿರಬಹುದು!

ಹಾಗಾದರೆ ನಮ್ಮ ಕಡೆ ಹಾಸಿಗೆ ಮನುಷ್ಯನ ಗುಣ ಹೇಳುವುದೇ ಇಲ್ಲವೆ? ಹೇಳುತ್ತದೆ, ಆದರೆ ಕೋಣೆಯ ಬದಲು ಒಂದು ಮೊಳ ಜಾಗದಲ್ಲಿ ಹೇಳುತ್ತದೆ. ಹಳೆಯ ಸೀರೆ, ಧೋತರ, ಮಕ್ಕಳ ಅಂಗಿಗಳ ತುಂಡು ಸೇರಿಸಿ ನಿಮ್ಮ ಅವ್ವ ಹೊಲಿದ ಕೌದಿಯನ್ನೇ ನೋಡಿ. ಹೊಲಿಗೆಯ ಸಾಲು ಎಷ್ಟು ನೇರ, ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂಬುದರಲ್ಲಿ ಆಕೆಯ ತಾಳ್ಮೆ, ಆಕೆಯ ಅಭಿರುಚಿ ಇದೆ. ಗೋಡೆಯ ಗೂಡಿನಲ್ಲಿ ಒಬ್ಬರು ಕನ್ನಡಿ, ಬಾಚಣಿಕೆ ಇಡುತ್ತಾರೆ, ಇನ್ನೊಬ್ಬರು ಪುಸ್ತಕ, ಮತ್ತೊಬ್ಬರು ಬೀಡಿ ಕಟ್ಟು. ತಲೆದಿಂಬಿನ ಕೆಳಗೆ ಒಬ್ಬರು ಮೊಬೈಲು ಇಡುತ್ತಾರೆ, ಒಬ್ಬರು ಮಾತ್ರೆ ಚೀಟಿ, ಒಬ್ಬರು ಕೊಡಬೇಕಾದ ಸಾಲದ ಲೆಕ್ಕ. ಇವು ಸಣ್ಣ ಗುರುತುಗಳು, ಆದರೆ ಸುಳ್ಳು ಹೇಳುವುದಿಲ್ಲ.

ಇವುಗಳನ್ನು ಓದುವುದು ಹೇಗೆ? ಒಂದು ಮಾತು ಮನಸ್ಸಿನಲ್ಲಿಡಿ. ಮಲಗುವ ಜಾಗ ನೀವು ಎಂಥವರು ಎಂಬುದಕ್ಕಿಂತ, ನೀವು ಈಗ ಹೇಗಿದ್ದೀರಿ ಎಂಬುದನ್ನು ಹೆಚ್ಚು ಸ್ಪಷ್ಟವಾಗಿ ಹೇಳುತ್ತದೆ.

ಹಗಲು ಮಲಗುವವನು ಸೋಮಾರಿಯೆ?

ವಾಡಿಯ ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಕಾರ್ಖಾನೆಯ ಪಾಳಿ ಕೆಲಸ. ಮನೆಯ ಮಗನಿಗೆ ಈ ವಾರ ನೈಟ್ ಡ್ಯೂಟಿ. ಬೆಳಿಗ್ಗೆ ಬಂದು, ಸ್ನಾನ ಮಾಡಿ, ಎರಡು ಜೋಳದ ರೊಟ್ಟಿ ತಿಂದು ಮಲಗಿದ್ದಾನೆ. ಕಿಟಕಿಗೆ ಕಪ್ಪು ಕೌದಿ ಕಟ್ಟಿದ್ದಾನೆ. ಬಾಗಿಲು ಹಾಕಿದ್ದಾನೆ. ಬಟ್ಟೆ ಗೂಟಕ್ಕೆ ನೇತುಬಿದ್ದಿದೆ, ಬೂಟು ಅಡ್ಡಾದಿಡ್ಡಿ. ಹೊರಗೆ ತಾಯಿ ನೆರೆಮನೆಯವಳ ಮುಂದೆ ಹೇಳುತ್ತಿದ್ದಾಳೆ: ‘ಹಗಲೆಲ್ಲಾ ಕತ್ತಲಿ ಮಾಡ್ಕೊಂಡು ಮಕ್ಕೊಂಡಿರ್ತಾನ ನೋಡವ್ವಾ, ಮನಿಗಿ ಒಳ್ಳೇದಲ್ಲ ಅಂದ್ರ ಕೇಳಲ್ಲ.’ ಮಕ್ಕಳು ಟಿ.ವಿ. ಹಚ್ಚಿದ್ದಾರೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿದೆ.

ಈ ಕೋಣೆಯನ್ನು ಅಪರಿಚಿತರೊಬ್ಬರು ನೋಡಿದರೆ ಸೋಮಾರಿ, ಮಂಕು, ಜನರೊಡನೆ ಬೆರೆಯದವನು ಎಂದು ಬರೆದುಕೊಂಡಾರು. ಆದರೆ ಆ ಮನೆಯಲ್ಲಿ ತನ್ನ ಆರೋಗ್ಯದ ಬಗ್ಗೆ ಬುದ್ಧಿವಂತಿಕೆ ತೋರಿಸಿದವನು ಅವನೊಬ್ಬನೇ!

ಕಾರಣ ಇಷ್ಟು. ನಮ್ಮ ಮಿದುಳಿನಲ್ಲಿ ಒಂದು ಗಡಿಯಾರವಿದೆ. ಅದು ಬೆಳಕನ್ನು ನೋಡಿ ನಡೆಯುತ್ತದೆ. ಕತ್ತಲಾದಾಗ ಮೆಲಟೋನಿನ್ ಎಂಬ ಹಾರ್ಮೋನು ಹೆಚ್ಚಾಗಿ ನಿದ್ದೆಗೆ ದೇಹವನ್ನು ಸಿದ್ಧಗೊಳಿಸುತ್ತದೆ. ಬೆಳಕು ಬಿದ್ದರೆ ಅದು ಕಡಿಮೆಯಾಗುತ್ತದೆ. ರಾತ್ರಿ ದುಡಿದವನು ಹಗಲು ಬೆಳಕಿನಲ್ಲಿ ಮಲಗಿದರೆ ನಿದ್ದೆ ತುಂಡು ತುಂಡಾಗುತ್ತದೆ. ವರ್ಷಗಟ್ಟಲೆ ಹೀಗೆ ನಡೆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗ, ಹೊಟ್ಟೆಯ ತೊಂದರೆಗಳ ಸಂಭವ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ, ಮತ್ತೆ 2019ರಲ್ಲಿ, ರಾತ್ರಿ ಪಾಳಿಯ ಕೆಲಸವನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಗುಂಪಿಗೆ ಸೇರಿಸಿದೆ. ಇದಕ್ಕಿಂತ ಹತ್ತಿರದ ಅಪಾಯವೆಂದರೆ ಅಪಘಾತ. ನಿದ್ದೆಗೆಟ್ಟವನು ಯಂತ್ರದ ಮುಂದೆ ನಿಂತಾಗ, ಬೆಳಗಿನ ಜಾವ ಮೋಟಾರ್ ಸೈಕಲ್ ಮೇಲೆ ಮನೆಗೆ ಬರುವಾಗ ಒಂದು ಕ್ಷಣ ಕಣ್ಣು ಮುಚ್ಚಿದರೆ ಸಾಕು.

ಆದ್ದರಿಂದ ಪಾಳಿ ಕೆಲಸದವರ ಮನೆಯವರೇ, ಕಿಟಕಿಯ ಆ ಕಪ್ಪು ಕೌದಿಯನ್ನು ತೆಗೆಯಬೇಡಿ. ಆತ ಮಲಗುವ ಹೊತ್ತನ್ನು ಇಡೀ ಮನೆಯ ಹೊತ್ತೆಂದು ತಿಳಿಯಿರಿ. ಟಿ.ವಿ.ಯ ಸದ್ದು ಇಳಿಸಿ. ಆದರೆ ಕೆಲಸದ ಬಟ್ಟೆ, ಬೂಟು ಮಾತ್ರ ಆ ಕೋಣೆಗೆ ಬರಬಾರದು. ಸಿಮೆಂಟ್ ಇರಲಿ, ಕಲ್ಲಿನ ಗಣಿ ಇರಲಿ, ಕೆಲಸದ ಜಾಗದ ಧೂಳು ಬಟ್ಟೆಯೊಡನೆ ಹಾಸಿಗೆಗೆ ಬಂದರೆ ಪಕ್ಕದಲ್ಲಿ ಮಲಗಿದ ಕೂಸಿನ ಶ್ವಾಸಕ್ಕೂ ಹೋಗುತ್ತದೆ. ಕೆಲಸದ ಬಟ್ಟೆಗೆ ಬಚ್ಚಲ ಹತ್ತಿರ ಒಂದು ಗೂಟ ಹೊಡೆಯಿರಿ. ಅಷ್ಟೇ ಸಾಕು.

ಮಂಚ ಯಾರಿಗೆ, ನೆಲ ಯಾರಿಗೆ?

ಕೆಲವು ಸಲ ಮಲಗುವ ಜಾಗ ಒಬ್ಬರ ಬದಲು ಇಡೀ ಮನೆತನದ ಸ್ವಭಾವ ಹೇಳುತ್ತದೆ. ನಿಮ್ಮ ಮನೆಯಲ್ಲಿ ಇಂದು ರಾತ್ರಿ ಲೆಕ್ಕ ಹಾಕಿ. ಮಂಚ ಯಾರಿಗೆ? ಫ್ಯಾನಿನ ಕೆಳಗೆ ಯಾರು? ಕೂಲರಿನ ಎದುರಿಗೆ ಯಾರು? ಎಲ್ಲರೂ ಮಲಗಿದ ಮೇಲೆ ಮುಸುರೆ ತೊಳೆದು ಬಂದು, ಉಳಿದ ಸಂದಿಯಲ್ಲಿ ಮೈಚಾಚುವವರು ಯಾರು? ನಸುಕಿನಲ್ಲಿ ಮೊದಲು ಏಳುವವರು ಯಾರು?

ಬಹಳಷ್ಟು ಮನೆಗಳಲ್ಲಿ ಕೊನೆಯ ಎರಡು ಪ್ರಶ್ನೆಗಳಿಗೆ ಒಂದೇ ಉತ್ತರ. ಆ ಮನೆಯ ಸೊಸೆ. ಆಕೆಗೆ ತಲೆನೋವು, ಸುಸ್ತು, ಸೊಂಟನೋವು ಎಂದರೆ ಟಾನಿಕ್ ಕೊಡಿಸುತ್ತೇವೆ. ಟಾನಿಕ್ಕಿಗಿಂತ ಮೊದಲು ಬೇಕಾದದ್ದು ಏಳು ತಾಸಿನ ನಿದ್ದೆ. ಆಕೆ ಗರ್ಭಿಣಿಯಾಗಿದ್ದರಂತೂ ಕೊನೆಯ ಮೂರು ತಿಂಗಳು ಮಗ್ಗುಲಾಗಿ ಮಲಗಲು ಸಾಕಷ್ಟು ಜಾಗ ಬೇಕೇ ಬೇಕು. ಅಂಗಾತ ಮಲಗಿದರೆ ತುಂಬಿದ ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬೀಳುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಗಂಡ ಹೆಂಡತಿಯರು ಸೇರಿ 60 ಮಂದಿ ತಮ್ಮ ಮನೆಯನ್ನು ತಾವೇ ತೋರಿಸುತ್ತ ವಿವರಿಸಿದರು. ‘ಎಲ್ಲ ಹರಡಿಕೊಂಡಿದೆ, ಇನ್ನೂ ಕೆಲಸ ಮುಗಿದಿಲ್ಲ’ ಎಂಬರ್ಥದ ಮಾತು ಹೆಚ್ಚಾಗಿ ಆಡಿದ ಹೆಂಗಸರಲ್ಲಿ ಒತ್ತಡದ ಹಾರ್ಮೋನು ದಿನ ಕಳೆದಂತೆ ಇಳಿಯಬೇಕಾದಷ್ಟು ಇಳಿಯುತ್ತಿರಲಿಲ್ಲ. ಗಂಡಸರಲ್ಲಿ ಈ ಸಂಬಂಧ ಅಷ್ಟಾಗಿ ಕಾಣಲಿಲ್ಲ. ಹರಡಿದ ಕೋಣೆ ಇಬ್ಬರದೂ, ಚಿಂತೆ ಮಾತ್ರ ಒಬ್ಬರದು. ಹಾಸಿಗೆ ಮಡಚುವ ಕೆಲಸವನ್ನು ಗಂಡಸರೂ ಮಕ್ಕಳೂ ಹಂಚಿಕೊಂಡರೆ ಅದೂ ಒಂದು ಔಷಧವೇ.

ಬದಲಾವಣೆಯನ್ನು ಗಮನಿಸಿ

ಹುಟ್ಟಿನಿಂದಲೂ ಬಟ್ಟೆ ಎಲ್ಲೆಂದರಲ್ಲಿ ಎಸೆಯುವ ಹುಡುಗನ ಕೋಣೆ ಇಂದೂ ಹಾಗೇ ಇದ್ದರೆ ಗಾಬರಿಯಿಲ್ಲ. ಅದು ಅವನ ಸ್ವಭಾವ. ತಿದ್ದಬಹುದು, ಗದರಬಹುದು. ಆದರೆ ಅಚ್ಚುಕಟ್ಟಾಗಿ ಇರುತ್ತಿದ್ದವರ ಹಾಸಿಗೆ ಇದ್ದಕ್ಕಿದ್ದಂತೆ ಕೆಟ್ಟರೆ ಅದು ಸ್ವಭಾವವಲ್ಲ, ಸೂಚನೆ.

ಹೊಲದಿಂದ ಬಂದು ತಾನೇ ಹಾಸಿಗೆ ಝಾಡಿಸಿ ಹಾಸಿಕೊಳ್ಳುತ್ತಿದ್ದ ಅಪ್ಪ ಈಗ ಹಗಲೆಲ್ಲ ಅದರ ಮೇಲೆಯೇ ಗೋಡೆಗೆ ಮುಖ ಮಾಡಿ ಬಿದ್ದಿರುತ್ತಾರೆ. ಊಟದ ತಟ್ಟೆ ಅಲ್ಲಿಯೇ ಒಣಗಿರುತ್ತದೆ. ಪರೀಕ್ಷೆಗೆ ಓದುತ್ತಿದ್ದ ಮಗಳು ಕೋಣೆಯ ಬಾಗಿಲು ತೆಗೆಯುವುದಿಲ್ಲ. ತನಗೆ ಪ್ರಿಯವಾದ ವಸ್ತುಗಳನ್ನು ಗೆಳತಿಯರಿಗೆ ಹಂಚುತ್ತಾಳೆ. ತಮ್ಮನ ಹಾಸಿಗೆ ಕೆಳಗೆ ಮದ್ಯದ ಖಾಲಿ ಪ್ಯಾಕೆಟ್ಟುಗಳು ಸಿಗುತ್ತವೆ. ‘ನಿದ್ದಿ ಹತ್ತವಲ್ದು’ ಎಂಬ ಮಾತು ಎರಡು ವಾರದಿಂದ ನಿತ್ಯ ಕೇಳಿಸುತ್ತದೆ. ಇವೆಲ್ಲ ಖಿನ್ನತೆಯ ಗುರುತುಗಳಾಗಿರಬಹುದು. ಮಳೆ ಕೈಕೊಟ್ಟ ವರ್ಷ, ತೊಗರಿ ನೆಟೆರೋಗಕ್ಕೆ ಸಿಕ್ಕ ವರ್ಷ, ಸಾಲದ ಕಂತು ತಪ್ಪಿದ ತಿಂಗಳು ಇಂಥ ಹಾಸಿಗೆಗಳ ಕಡೆ ಹೆಚ್ಚು ಗಮನವಿರಲಿ.

ಆಗ ಏನು ಮಾಡಬೇಕು? ‘ಎದ್ದು ಕೆಲಸ ನೋಡು’ ಎಂದು ಬೈಯಬೇಡಿ. ಪಕ್ಕದಲ್ಲಿ ಕೂಡಿ. ‘ಯಾಕಪ್ಪಾ, ಮನಸ್ಸಿಗೆ ಏನಾಗ್ಯಾದ?’ ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಸಾಯುವ ವಿಚಾರ ಬರುತ್ತದೆಯೇ ಎಂದು ನೇರವಾಗಿ ಕೇಳಲು ಹೆದರಬೇಡಿ. ಕೇಳುವುದರಿಂದ ಆ ವಿಚಾರ ಹುಟ್ಟುವುದಿಲ್ಲ, ಮನಸ್ಸು ಹಗುರಾಗುತ್ತದೆ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ತಡಮಾಡದೆ ವೈದ್ಯರ ಬಳಿ ಕರೆದೊಯ್ಯಿರಿ. ಮಾನಸಿಕ ಆರೋಗ್ಯಕ್ಕಾಗಿ ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಹಣ ಕೊಡಬೇಕಾಗಿಲ್ಲ. ಖಿನ್ನತೆ ಗುಣವಾಗುವ ಕಾಯಿಲೆ.

ವಯಸ್ಸಾದವರ ತಲೆದಿಂಬನ್ನೂ ಆಗಾಗ ಎತ್ತಿ ನೋಡಿ. ಬಿ.ಪಿ., ಸಕ್ಕರೆಯ ಮಾತ್ರೆಗಳು ನುಂಗದೆ ಉಳಿದಿದ್ದರೆ ಮರೆವು ಶುರುವಾಗಿರಬಹುದು ಅಥವಾ ‘ಮಗನಿಗೆ ಯಾಕ ಖರ್ಚು’ ಎಂದು ಒಂದು ದಿನ ಬಿಟ್ಟು ಒಂದು ದಿನ ನುಂಗುತ್ತಿರಬಹುದು. ಹಾಸಿಗೆ ಒದ್ದೆಯಾಗುತ್ತಿದ್ದರೆ ನಾಚಿಕೆಯಿಂದ ಅವರು ಹೇಳುವುದಿಲ್ಲ. ಮೂತ್ರದ ಸೋಂಕು, ಸಕ್ಕರೆ ಕಾಯಿಲೆ, ಪ್ರಾಸ್ಟೇಟ್ ಗ್ರಂಥಿಯ ತೊಂದರೆ ಯಾವುದೂ ಇರಬಹುದು. ಎರಡು ವಾರ ಮೀರಿದ ಕೆಮ್ಮು, ರಾತ್ರಿ ಹಾಸಿಗೆ ತೋಯುವಷ್ಟು ಬೆವರು, ಇಳಿಯುತ್ತಿರುವ ತೂಕ ಕಂಡರೆ ಕ್ಷಯದ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಔಷಧ ಎರಡೂ ಉಚಿತ.

ಹಾಸಿಗೆಯ ಸುತ್ತ ಕಾಣದ ಅಪಾಯ

ಅಚ್ಚುಕಟ್ಟು ಎಂದರೆ ಕೇವಲ ಅಂದವಲ್ಲ. ನಮ್ಮ ಭಾಗದಲ್ಲಿ ಅದು ಜೀವ ಉಳಿಸುವ ಗುಣ.

ಮೊದಲನೆಯದು ಕಾಳಿನ ಗುಳಿಗೆ. ತೊಗರಿ, ಜೋಳದ ಚೀಲಕ್ಕೆ ಹುಳ ಬೀಳದಂತೆ ಇಡುವ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆ ಗಾಳಿಯ ತೇವಕ್ಕೆ ಕರಗಿ ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಚೀಲದ ಪಕ್ಕ ಮಲಗಿದವರಿಗೆ, ಅದರಲ್ಲೂ ಮಕ್ಕಳಿಗೆ, ಪ್ರಾಣಾಪಾಯ. ಇದಕ್ಕೆ ಪ್ರತ್ಯೇಕ ಪ್ರತಿವಿಷವಿಲ್ಲ. ಗುಳಿಗೆ ಹಾಕಿದ ಕಾಳು ಇರುವ ಕೋಣೆಯಲ್ಲಿ ಯಾರೂ ಮಲಗಲೇಬಾರದು. ಮನೆ ಬಳಕೆಯ ಕಾಳಿಗೆ ಬಿಸಿಲು ಮತ್ತು ಬೇವಿನ ಎಲೆ ಸಾಕು. ತೊಗರಿಗೆ ಹೊಡೆಯುವ ಔಷಧದ ಡಬ್ಬಿಯನ್ನು ಮಂಚದ ಕೆಳಗೆ ಇಡುವ ರೂಢಿಯನ್ನೂ ಇಂದೇ ಬಿಡಿ. ದುಃಖದ ಒಂದು ಗಳಿಗೆಯಲ್ಲಿ ಕೈಗೆ ಸಿಗುವುದು ಅದೇ. ಅದಕ್ಕೊಂದು ಬೀಗದ ಪೆಟ್ಟಿಗೆ ಇರಲಿ, ಮನೆಯಿಂದ ಹೊರಗಿರಲಿ.

ಎರಡನೆಯದು ಹಾವು, ಚೇಳು. ಕಟ್ಟುಹಾವು ರಾತ್ರಿ ಸಂಚರಿಸುತ್ತದೆ, ನೆಲದ ಮೇಲೆ ಮಲಗಿದವರನ್ನೇ ಹೆಚ್ಚಾಗಿ ಕಚ್ಚುತ್ತದೆ. ಅದರ ಕಡಿತ ಅಷ್ಟೇನೂ ನೋಯುವುದಿಲ್ಲ, ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ಕಣ್ಣೆವೆ ಜೋತುಬೀಳುವುದು, ನುಂಗಲು, ಉಸಿರಾಡಲು ಕಷ್ಟವಾಗುವುದು ಕಂಡರೆ ಮಂತ್ರ, ಬೇರು ಎನ್ನುತ್ತ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಿ. ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದ ಸೊಳ್ಳೆ ಪರದೆ ಸೊಳ್ಳೆಯನ್ನಷ್ಟೇ ಅಲ್ಲ, ಹಾವನ್ನೂ ತಡೆಯುತ್ತದೆ. ಗೋಡೆಗೆ ಒರಗಿಸಿಟ್ಟ ಪರ್ಸಿ ತುಂಡುಗಳ ಹಿಂದೆ, ಮೂಲೆಯ ಹಳೆ ಬಟ್ಟೆಯ ಗಂಟಿನಲ್ಲಿ ಚೇಳು ಮನೆ ಮಾಡುತ್ತದೆ. ಅವನ್ನು ಹೊರಹಾಕಿ.

ಮೂರನೆಯದು ಹೊಗೆ. ಬಾಣಂತಿಯ ಕೋಣೆಯ ಕಿಟಕಿಗಳನ್ನೆಲ್ಲ ಮುಚ್ಚಿ, ಹೊರಸಿನ ಕೆಳಗೆ ಕೆಂಡ ಇಟ್ಟು, ಲೋಬಾನ ಹಾಕುವ ಪದ್ಧತಿ ಇನ್ನೂ ಅಲ್ಲಲ್ಲಿ ಇದೆ. ಕೆಂಡದಿಂದ ಹೊರಡುವ ಇಂಗಾಲದ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಾಯಿ ಮಗು ಇಬ್ಬರಿಗೂ ಅಪಾಯ. ಬೆಚ್ಚಗಿಡಲು ಬಟ್ಟೆ ಸಾಕು, ಗಾಳಿ ಮಾತ್ರ ಆಡಲಿ.

ನಾಲ್ಕನೆಯದು ತಲೆಯ ಮೇಲಿನ ಭಾರ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಕಲ್ಲು ಮಣ್ಣಿನ ಭಾರಿ ಗೋಡೆಗಳ ಮನೆಯಲ್ಲಿ ಮಲಗಿದ್ದವರು ಸಾವಿರಾರು ಸಂಖ್ಯೆಯಲ್ಲಿ ನಿದ್ದೆಯಲ್ಲೇ ಸತ್ತರು. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಸುತ್ತ ಭೂಮಿ ಪದೇ ಪದೇ ಕಂಪಿಸಿತು. ಜನ ಮನೆಯೊಳಗೆ ಮಲಗಲು ಹೆದರಿ ಹಾಸಿಗೆ ಹೊತ್ತು ಹೊರಗೆ ಬಂದರು. ಆ ದಿನಗಳಲ್ಲಿ ಆ ಊರಿನ ಹಾಸಿಗೆಗಳನ್ನು ನೋಡಿ ಯಾರ ಸ್ವಭಾವವನ್ನೂ ಹೇಳುವಂತಿರಲಿಲ್ಲ. ಅವು ಹೇಳುತ್ತಿದ್ದದ್ದು ಭಯವನ್ನು ಮಾತ್ರ. ಅಟ್ಟದ ಮೇಲೆ, ತಲೆಯ ನೇರಕ್ಕೆ ಭಾರದ ಟ್ರಂಕು, ಬೀಸುಕಲ್ಲು, ಹಿತ್ತಾಳೆಯ ಕೊಡ ಇಡಬೇಡಿ. ರಾತ್ರಿ ಎದ್ದು ಓಡುವ ದಾರಿ, ಬಾಗಿಲಿನ ಚಿಲಕ ಸಲೀಸಾಗಿರಲಿ.

ಇಂದು ರಾತ್ರಿಯೇ ಹೀಗೆ ಮಾಡಿ

1. ಎದ್ದ ಕೂಡಲೇ ಹಾಸಿಗೆ ಮಡಚಬೇಡಿ. ಅರ್ಧ ತಾಸು ಗಾಳಿಗೆ ಹರಡಿ, ಆಮೇಲೆ ಮಡಚಿ. ಬೆವರಿನ ತೇವ ಆರುತ್ತದೆ.

2. ವಾರಕ್ಕೊಮ್ಮೆ ಕೌದಿ, ತಲೆದಿಂಬುಗಳನ್ನು ಮಾಳಿಗೆಯ ಬಿಸಿಲಿಗೆ ಹಾಕಿ ಚೆನ್ನಾಗಿ ಝಾಡಿಸಿ. ಝಾಡಿಸುವಾಗ ಮೂಗಿಗೆ ಬಟ್ಟೆ ಇರಲಿ. ಉಬ್ಬಸ, ಬೆಳಗಿನ ಸೀನು ಇರುವವರಿಗೆ ಇದರಿಂದ ಅನುಕೂಲ.

3. ಬೇಸಿಗೆಗೆ ಮೊದಲೇ ಮಾಳಿಗೆಗೆ ಬಿಳಿ ಸುಣ್ಣ ಬಳಿಸಿ. ಬಿಸಿಲು ಹಿಂದಕ್ಕೆ ಚಿಮ್ಮಿ ಕೋಣೆಯ ಸೆಕೆ ಕಡಿಮೆಯಾಗುತ್ತದೆ. ಹಗಲು ಕಿಟಕಿ ಮುಚ್ಚಿ, ಹೊರಗೆ ತಂಪಾದ ಮೇಲೆ ಎದುರುಬದುರಿನ ಕಿಟಕಿ ತೆರೆಯಿರಿ.

4. ಮಾಳಿಗೆಯ ಮೇಲೆ ಮಲಗುವವರು ತಡೆಗೋಡೆ ಇಲ್ಲದ ಅಂಚಿನಿಂದ ದೂರವಿರಿ. ಮಕ್ಕಳನ್ನು ನಡುವೆ ಮಲಗಿಸಿ. ನಿದ್ದೆಗಣ್ಣಿನಲ್ಲಿ ಎದ್ದು ಬೀಳುವವರು ಪ್ರತಿ ಬೇಸಿಗೆಯಲ್ಲೂ ಇದ್ದೇ ಇರುತ್ತಾರೆ.

5. ಕೂಲರಿನ ನೀರನ್ನು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ, ತೊಟ್ಟಿಯನ್ನು ತಿಕ್ಕಿ ತೊಳೆದು, ಒಣಗಿಸಿ ತುಂಬಿ. ಡೆಂಗೆ ಹರಡುವ ಸೊಳ್ಳೆ ಅಲ್ಲಿಯೇ ಮೊಟ್ಟೆಯಿಡುತ್ತದೆ.

6. ಮಲಗುವ ಒಂದು ತಾಸು ಮೊದಲು ಮೊಬೈಲನ್ನು ಕೈಗೆ ಸಿಗದ ಗೂಡಿನಲ್ಲಿಡಿ. ಅದರ ಬೆಳಕೂ, ಅದರೊಳಗಿನ ಸುದ್ದಿಯೂ ನಿದ್ದೆಗೆ ಶತ್ರು.

7. ಮಲಗುವ ಖೋಲಿಯಲ್ಲಿ ಬೀಡಿ, ಸಿಗರೇಟು ಬೇಡವೇ ಬೇಡ. ಸೇದುವವನು ಒಬ್ಬ, ಕೆಮ್ಮುವವರು ಐವರು.

8. ತಿಂಗಳಿಗೊಮ್ಮೆ ಮನೆಯ ಪ್ರತಿಯೊಬ್ಬರ ಹಾಸಿಗೆಯ ಹತ್ತಿರ ಐದು ನಿಮಿಷ ಕೂಡಿ. ತಪಾಸಣೆಗಲ್ಲ, ಮಾತಿಗೆ.

ಕೊನೆಯ ಮಾತು

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ನಾವು ದುಡ್ಡಿನ ವಿಚಾರಕ್ಕೆ ಮಾತ್ರ ಬಳಸುತ್ತೇವೆ. ಆರೋಗ್ಯದ ದೃಷ್ಟಿಯಿಂದ ಅದನ್ನು ತಿರುಗಿಸಿ ಕೇಳಬೇಕು. ನಿಮ್ಮ ಮನೆಯಲ್ಲಿ ಕಾಲು ಚಾಚುವಷ್ಟು ಹಾಸಿಗೆ ಎಲ್ಲರಿಗೂ ಇದೆಯೇ?

ಇನ್ನೊಬ್ಬರ ಹಾಸಿಗೆ ನೋಡಿ ಅವರ ಗುಣಕ್ಕೆ ಅಂಕ ಕೊಡುವ ಅವಸರ ಬೇಡ. ಅವರ ಪಾಳಿ ಯಾವುದು, ಅವರ ಚಾವಣಿ ಯಾವುದು, ಅವರ ಚಿಂತೆ ಏನು ಎಂದು ಮೊದಲು ಕೇಳಿ. ನಿಮ್ಮ ಹಾಸಿಗೆಯ ವಿಷಯದಲ್ಲಿ ಮಾತ್ರ ಸ್ವಲ್ಪ ನಿಷ್ಠುರವಾಗಿರಿ. ಇಂದು ರಾತ್ರಿ ದೀಪ ಆರಿಸುವ ಮೊದಲು ನಿಮ್ಮ ಮಲಗುವ ಜಾಗವನ್ನು ಅಪರಿಚಿತರ ಕಣ್ಣಿನಿಂದ ಒಮ್ಮೆ ನೋಡಿ. ಅದು ಹೇಳುವುದರಲ್ಲಿ ಮನೆ ಕಟ್ಟಿದವನ ತಪ್ಪೆಷ್ಟು, ಬಡತನದ ಪಾಲೆಷ್ಟು, ನಿಮ್ಮ ಉದಾಸೀನವೆಷ್ಟು ಎಂದು ಬೇರೆ ಬೇರೆ ಮಾಡಿ. ಮೊದಲೆರಡನ್ನು ಸರಿಪಡಿಸಲು ದುಡ್ಡು, ಕಾಲ ಎರಡೂ ಬೇಕು. ಮೂರನೆಯದಕ್ಕೆ ನಾಳೆ ಬೆಳಗಿನ ಹತ್ತು ನಿಮಿಷ ಸಾಕು.